ಕಲ್ಲೇರಿದವರ ಕಥನ: ಡಂಬಳದ ಸುತ್ತಲಿನ ಬೆಟ್ಟ, ಬಂಡೆ, ಕೊಳ್ಳಗಳ ಚಿತ್ರಚರಿತ್ರೆ

ಗದಗದಿಂದ ಮುಂಡರಗಿಯ ಹಾದಿ ಹಿಡಿದು ಇಪ್ಪತ್ತು ಕಿಲೋಮೀಟರ್ ಸಾಗಿದರೆ ಡಂಬಳ ಸಿಗುತ್ತದೆ. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪ ದೇವಾಲಯ, ಜಪದ ಬಾವಿ, ವಿಶಾಲವಾದ ಕೆರೆ ಈ ಊರಿನ ಗುರುತುಗಳು. ಪಶ್ಚಿಮದ ದಿಗಂತದಲ್ಲಿ ಕಪ್ಪತಗುಡ್ಡದ ಸಾಲು ಮಲಗಿದೆ. ಮಳೆಗಾಲ ಬಂದು ಗುಡ್ಡ ಹಸಿರಾದೊಡನೆ ಗದಗ, ಹುಬ್ಬಳ್ಳಿ, ಕೊಪ್ಪಳಗಳಿಂದ ಯುವಕರ ತಂಡಗಳು ಈ ಕಡೆ ಹೊರಡುತ್ತವೆ. ಅವರು ಊರಿಗೆ ಮರಳುವ ಮೊದಲೇ ಅವರು ತೆಗೆದ ಚಿತ್ರಗಳು ನೂರಾರು ಮೊಬೈಲುಗಳನ್ನು ತಲುಪಿರುತ್ತವೆ. ಮರುವಾರ ಅದೇ ಚಿತ್ರ ನೋಡಿದ ಇನ್ನೊಂದು ತಂಡ ಅದೇ ಜಾಗವನ್ನು ಅರಸಿ ಬರುತ್ತದೆ.

ಬೆಟ್ಟ ಏರುವುದು, ಬಂಡೆ ಹತ್ತುವುದು, ಕೊಳ್ಳಕ್ಕೆ ಇಳಿಯುವುದು ಎಷ್ಟು ಹಳೆಯದೋ ಅದನ್ನು ಬಂದು ಹೇಳಿಕೊಳ್ಳುವುದೂ ಅಷ್ಟೇ ಹಳೆಯದು. ಆದರೆ ಹೇಳಿಕೆಯ ವೇಗ ಇಂದು ಬದಲಾಗಿದೆ. ಒಂದು ಚಿತ್ರ ಒಂದು ಬೆಟ್ಟಕ್ಕೆ ಗೆಳೆಯರನ್ನು ತರಬಲ್ಲದು, ಅದೇ ಚಿತ್ರ ಆ ಬೆಟ್ಟಕ್ಕೆ ಹಾನಿಯನ್ನೂ ತರಬಲ್ಲದು. ಗದಗ, ಬಾದಾಮಿ, ಹಂಪಿಗಳನ್ನೊಳಗೊಂಡ ಈ ಸೀಮೆಯಲ್ಲಿ ಎರಡಕ್ಕೂ ಉದಾಹರಣೆಗಳಿವೆ.

ಕಲ್ಲಿನ ಮೇಲೆಯೇ ಬರೆದ ಕಥನ

ಬಂಡೆಯ ಎದುರು ನಿಂತ ಮನುಷ್ಯ ತನ್ನ ಗುರುತನ್ನು ಉಳಿಸಲು ಬಯಸುವುದು ಇಂದಿನ ಹವ್ಯಾಸವಲ್ಲ. ಬಾದಾಮಿಯ ಸಮೀಪದ ಸಿಡಿಲಪಡಿಯ ಕಲ್ಲಾಸರೆಯಲ್ಲಿ ಪ್ರಾಗೈತಿಹಾಸಿಕ ಕಾಲದ ವರ್ಣಚಿತ್ರಗಳ ಕುರುಹುಗಳಿವೆ. ಮೊದಲನೆಯ ಪುಲಕೇಶಿಯು ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾರ್ಪಡಿಸಿದ ಸಂಗತಿ ಕ್ರಿ.ಶ. 543ರ ಬಂಡೆಗಲ್ಲ ಶಾಸನದಿಂದ ತಿಳಿಯುತ್ತದೆ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನವನ್ನು ಕೆತ್ತಿರುವುದು ಕಡಿದಾದ ಬಂಡೆಯ ಮೈಮೇಲೆ. ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಉದಾಹರಣೆ ದೊರೆತದ್ದು ಅಲ್ಲಿಯೇ.

ಡಂಬಳದಲ್ಲಿ ದೊರೆತ ಕ್ರಿ.ಶ. 1095ರ ಶಾಸನವು ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಸೇರಿದ್ದು, ಇಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಆಲಯವೂ ಇದ್ದುದನ್ನು ತಿಳಿಸುತ್ತದೆ. ವಿಹಾರ ಅಳಿದಿದೆ, ಕಲ್ಲಿನ ಬರಹ ಉಳಿದಿದೆ. ಪ್ರವಾಸಿಗಳು ಸ್ಮಾರಕಗಳ ಮೇಲೆ ಗೀಚುವ ಹೆಸರುಗಳಿಗೂ ಈ ಬರಹಗಳಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಒಂದು ಇತಿಹಾಸವನ್ನು ಉಳಿಸಿತು, ಇನ್ನೊಂದು ಅದರ ಮೇಲೆಯೇ ಗಾಯ ಮಾಡುತ್ತದೆ.

ಮೊದಲ ಛಾಯಾಚಿತ್ರಗಳು

ಈ ಭಾಗದ ಬಂಡೆ, ಬೆಟ್ಟ, ಗುಡಿಗಳ ಛಾಯಾಚಿತ್ರಣ 1850ರ ದಶಕದಲ್ಲಿಯೇ ಆರಂಭವಾಯಿತು. ಮುಂಬಯಿ ಸರ್ಕಾರದ ಪರವಾಗಿ ಕರ್ನಲ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರಗಳನ್ನು ತೆಗೆದರು. ಅವರು ಸೈನ್ಯದ ಕೆಲಸಕ್ಕೆ ಮರಳಿದ ನಂತರ ಮುಂಬಯಿ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೌ ಆ ಕಾರ್ಯವನ್ನು ಮುಂದುವರಿಸಿದರು. ಡಂಬಳದ ದೇವಾಲಯವೂ ಆ ಕಾಲದ ಚಿತ್ರಗಳಲ್ಲಿ ಸೇರಿದೆ. ಇವರಿಬ್ಬರ ಮತ್ತು ಎ.ಸಿ.ಬಿ. ನೀಲ್ ಅವರ ಚಿತ್ರಗಳನ್ನು ಒಟ್ಟುಗೂಡಿಸಿದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವರು ಸುರಪುರದ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿಗಳನ್ನು ಬರೆದವರು ಜೇಮ್ಸ್ ಫರ್ಗುಸನ್.

ಹಂಪಿಯಲ್ಲಿ ಇದೇ ಕೆಲಸವನ್ನು 1856ರಲ್ಲಿ ಮಾಡಿದವರು ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಸವರಿದ ದೊಡ್ಡ ಗಾತ್ರದ ಕಾಗದದ ನೆಗೆಟಿವ್‌ಗಳಲ್ಲಿ ಅವರು ಹಂಪಿಯ ಬಂಡೆಗಳನ್ನೂ ಮಂಟಪಗಳನ್ನೂ ಸೆರೆಹಿಡಿದರು. 1983ರಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೊಮ್ಮೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಉಳಿಯಿತು, ಯಾವ ಗೋಡೆ ಉರುಳಿತು, ಎಲ್ಲಿ ಗಿಡ ಬೆಳೆಯಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಚಿತ್ರದ ಜೊತೆಗೆ ಜಾಗ, ವರ್ಷ, ನಿಂತ ದಿಕ್ಕು ದಾಖಲಾಗಿದ್ದರೆ ನೂರು ವರ್ಷಗಳ ನಂತರವೂ ಅದು ಸಾಕ್ಷ್ಯವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಕ್ಷರದಲ್ಲಿಯೂ ಇಂಥ ಪರಂಪರೆ ಉಂಟು. ಹೊಳೆಆಲೂರಿನ ಮನೆತನದ ಆಲೂರು ವೆಂಕಟರಾಯರು 1905ರಲ್ಲಿ ಹಂಪಿಯನ್ನು ಕಂಡ ಅನುಭವವೇ ಕರ್ನಾಟಕ ಏಕೀಕರಣದ ಚಿಂತನೆಗೆ ಪ್ರೇರಣೆಯಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಕನ್ನಡದ ಪ್ರವಾಸ ಸಾಹಿತ್ಯದಲ್ಲಿ ಗಣ್ಯ ಕೃತಿ. ಬಂಡೆಗಳ ನಡುವೆ ಅಲೆದು ಬಂದವರ ಮಾತನ್ನು ಕನ್ನಡ ನಾಡು ಮೊದಲಿನಿಂದಲೂ ಆಸಕ್ತಿಯಿಂದ ಕೇಳಿದೆ.

ಮೂರು ಬಗೆಯ ಕಲ್ಲು

ಬಂಡೆ ಏರುವವನಿಗೆ ಮೊದಲು ತಿಳಿದಿರಬೇಕಾದದ್ದು ಕಲ್ಲಿನ ಜಾತಿ. ಡಂಬಳದಿಂದ ಒಂದು ದಿನದ ಹಾದಿಯೊಳಗೆ ಮೂರು ಬಗೆಯ ಕಲ್ಲು ಸಿಗುತ್ತದೆ.

ಮೊದಲನೆಯದು ಕಪ್ಪತಗುಡ್ಡದ ಪದರಶಿಲೆ. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಈ ಪಟ್ಟಿಯಲ್ಲಿ ಚಿನ್ನ, ಕಬ್ಬಿಣದ ಅದಿರುಗಳಿವೆ. ಪದರಪದರವಾಗಿ ಬಿರಿಯುವ ಈ ಕಲ್ಲು ಹಗ್ಗದ ಆರೋಹಣಕ್ಕೆ ತಕ್ಕುದಲ್ಲ. ಹಿಡಿದ ಅಂಚು ಕೈಯಲ್ಲಿಯೇ ಉಳಿಯುವ ಸಂಭವವುಂಟು. ಆದ್ದರಿಂದ ಕಪ್ಪತಗುಡ್ಡ ನಡಿಗೆಯ ಬೆಟ್ಟ. ಇದೇ ಶಿಲಾವರ್ಗದ ನುಣುಪಾದ ಕ್ಲೋರೈಟ್ ಶಿಸ್ಟ್ ಕಲ್ಲು ಉಳಿಗೆ ಸುಲಭವಾಗಿ ಬಗ್ಗುತ್ತದೆ. ದೊಡ್ಡಬಸಪ್ಪ ದೇವಾಲಯದ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರಾಕಾರದ ಗರ್ಭಗುಡಿಯನ್ನೂ ಅದರ ಹೊರಗೋಡೆಯ ಸೂಕ್ಷ್ಮ ಕೆತ್ತನೆಯನ್ನೂ ಸಾಧ್ಯವಾಗಿಸಿದ್ದು ಈ ಗುಣವೇ.

ಎರಡನೆಯದು ಬಾದಾಮಿಯ ಮರಳುಗಲ್ಲು. ಕೆಂಪು ಬಣ್ಣದ, ನೇರವಾಗಿ ಎದ್ದು ನಿಂತ ಗೋಡೆಗಳಲ್ಲಿ ಬೆರಳು ಹಿಡಿಯುವಷ್ಟು ಅಡ್ಡ ಅಂಚುಗಳೂ ಬಿರುಕುಗಳೂ ಉಂಟು. ಒಣಗಿದ್ದಾಗ ಗಟ್ಟಿಯಾದ ಈ ಕಲ್ಲು ಮಳೆನೀರನ್ನು ಹೀರಿಕೊಂಡರೆ ಬಲಗುಂದುತ್ತದೆ. ಮಳೆ ನಿಂತು ಒಂದೆರಡು ದಿನ ಒಣಗುವವರೆಗೆ ಮರಳುಗಲ್ಲನ್ನು ಏರಬಾರದೆಂಬ ನಿಯಮ ಜಗತ್ತಿನ ಎಲ್ಲ ಆರೋಹಿಗಳಲ್ಲಿಯೂ ರೂಢಿಯಲ್ಲಿದೆ.

ಮೂರನೆಯದು ಹಂಪಿ, ಆನೆಗೊಂದಿಗಳ ಗ್ರಾನೈಟ್. ದುಂಡನೆಯ ದೈತ್ಯ ಗುಂಡುಗಳು, ಒರಟು ಮೈ, ಚರ್ಮ ಸುಲಿಯುವ ಹರಳು. ಹಗ್ಗವಿಲ್ಲದೆ ತಗ್ಗು ಎತ್ತರದ ಗುಂಡುಗಳನ್ನು ಏರುವ ‘ಬೌಲ್ಡರಿಂಗ್’ ಕ್ರೀಡೆಗೆ ಇದು ಹೇಳಿ ಮಾಡಿಸಿದ ಜಾಗ.

ಬಾದಾಮಿ: ಹಗ್ಗದ ಪಾಠಶಾಲೆ

ದೇಶದ ಶಿಲಾರೋಹಿಗಳಲ್ಲಿ ಬಾದಾಮಿಯ ಹೆಸರು ಕೇಳದವರು ವಿರಳ. ಬಂಡೆಯಲ್ಲಿ ಉಕ್ಕಿನ ಬೋಲ್ಟ್‌ಗಳನ್ನು ಕೂರಿಸಿ, ಅವುಗಳಿಗೆ ಹಗ್ಗವನ್ನು ಸಿಕ್ಕಿಸುತ್ತ ಏರುವ ‘ಸ್ಪೋರ್ಟ್ ಕ್ಲೈಂಬಿಂಗ್’ಗೆ ಇಲ್ಲಿನ ಗೋಡೆಗಳು ಪ್ರಸಿದ್ಧವಾಗಿವೆ. ಇಲ್ಲಿರುವ ‘ಗಣೇಶ’ ಎಂಬ ಮಾರ್ಗಕ್ಕೆ ಫ್ರೆಂಚ್ ಶ್ರೇಣಿಯಲ್ಲಿ 8ಬಿ ಪ್ಲಸ್ ಎಂಬ ಕಠಿಣ ದರ್ಜೆ ದೊರೆತಿದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಿನ ತಿಂಗಳುಗಳು ಏರುವವರ ಋತು. ಮಾರ್ಚ್ ಕಳೆದ ಮೇಲೆ ಬಿಸಿಲಿಗೆ ಕಾದ ಬಂಡೆಯನ್ನು ಮುಟ್ಟುವುದೇ ಕಷ್ಟ.

ಮಾರ್ಗಕ್ಕೆ ಹೆಸರಿಡುವುದು ಮೊದಲು ಏರಿದವರ ಅಥವಾ ಬೋಲ್ಟ್ ಕೂರಿಸಿದವರ ಹಕ್ಕು. ದರ್ಜೆಯನ್ನೂ ಅವರೇ ಸೂಚಿಸುತ್ತಾರೆ, ಮುಂದೆ ಏರಿದವರು ಅದನ್ನು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಹೀಗೆ ಪ್ರತಿಯೊಂದು ಮಾರ್ಗದ ಹಿಂದೆಯೂ ಮಾತಿನ ಒಂದು ಪರಂಪರೆ ಬೆಳೆಯುತ್ತದೆ. ‘ಮೂರನೆಯ ಬೋಲ್ಟಿನ ಮೇಲೆ ಎಡಗೈಗೆ ಹಿಡಿತ ಸಿಗುತ್ತದೆ’, ‘ಮೇಲಿನ ಕೊಕ್ಕೆ ಸವೆದಿದೆ’ ಎಂಬಂಥ ವಿವರಗಳು ಬಾಯಿಂದ ಬಾಯಿಗೆ ಸಾಗುತ್ತವೆ. ಆರೋಹಿಗಳ ಕಥನದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇಂಥ ಮಾಹಿತಿಯೇ ಹೊರತು ಸಾಹಸದ ಬಣ್ಣನೆಯಲ್ಲ.

ಈ ಕ್ರೀಡೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು. ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣ ಮತ್ತಿತರ ಸಾಹಸ ಕ್ರೀಡೆಗಳ ತರಬೇತಿ ನೀಡುತ್ತದೆ.

ಉಡದ ಹಿಡಿತವೆಂಬ ಮಾತು ಕನ್ನಡದಲ್ಲಿ ಹಳೆಯದು. ಆ ಮಾತನ್ನು ನೆನಪಿಸುವವರು ಚಿತ್ರದುರ್ಗದ ಜ್ಯೋತಿರಾಜ್. ‘ಕೋತಿರಾಜ’ ಎಂದೇ ಜನಜನಿತರಾದ ಅವರು ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ಪ್ರವಾಸಿಗರನ್ನು ಬೆರಗುಗೊಳಿಸಿದ್ದಾರೆ. ಅವರ ವಿಡಿಯೊಗಳು ಲಕ್ಷಾಂತರ ಜನರನ್ನು ತಲುಪಿವೆ. ಆದರೆ ಅಂಥ ಏರುವಿಕೆಯ ಹಿಂದಿರುವ ವರ್ಷಗಳ ಅಭ್ಯಾಸ ಅರ್ಧ ನಿಮಿಷದ ಚಿತ್ರದಲ್ಲಿ ಕಾಣುವುದಿಲ್ಲ. ಅನುಕರಣೆಗೆ ಹೊರಡುವ ಹುಡುಗರು ಮರೆಯುವುದು ಈ ಅಂಶವನ್ನೇ.

ಒಂದು ಚಲನಚಿತ್ರ ಬದಲಿಸಿದ ಹಂಪಿ

ಚಿತ್ರವೊಂದು ಜಾಗವನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಹಂಪಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. 2003ರಲ್ಲಿ ‘ಪಿಲ್‌ಗ್ರಿಮೇಜ್’ ಎಂಬ ಶಿಲಾರೋಹಣದ ಚಲನಚಿತ್ರ ಹೊರಬಂತು. ಅಮೆರಿಕದ ಹೆಸರಾಂತ ಆರೋಹಿ ಕ್ರಿಸ್ ಶರ್ಮಾ, ಕೇಟಿ ಬ್ರೌನ್, ನೇಟ್ ಗೋಲ್ಡ್ ಅವರು ಹಂಪಿಯ ಗುಂಡುಗಳನ್ನು ಏರುವ ದೃಶ್ಯಗಳು ಅದರಲ್ಲಿವೆ. ಈ ಚಿತ್ರ ಹಂಪಿಯನ್ನು ಜಗತ್ತಿನ ಬೌಲ್ಡರಿಂಗ್ ನಕ್ಷೆಯಲ್ಲಿ ಎದ್ದು ಕಾಣುವಂತೆ ಮಾಡಿತು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ ದೇಶವಿದೇಶಗಳ ಆರೋಹಿಗಳ ನೆಲೆಯಾಯಿತು. ಬೆನ್ನಿಗೆ ಮಡಚಿದ ದಪ್ಪ ಹಾಸಿಗೆ ಹೊತ್ತು ಗದ್ದೆಯ ಬದುವಿನಲ್ಲಿ ಸಾಗುವ ವಿದೇಶಿಯರು ಅಲ್ಲಿನ ರೈತರಿಗೆ ನಿತ್ಯದ ನೋಟವಾದರು.

ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ನಿರ್ಮಾಣ ಅಕ್ರಮವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಮಾರ್ಚ್‌ನಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಪ್ರವಾಸಿಗರನ್ನು ನಂಬಿ ಬದುಕುತ್ತಿದ್ದ ಸ್ಥಳೀಯ ಕುಟುಂಬಗಳು ಜೀವನೋಪಾಯ ಕಳೆದುಕೊಂಡವು. ಗಡ್ಡೆಯ ಮೇಲಿನ ಒತ್ತಡ ತಗ್ಗಿತು. ಎರಡೂ ನಿಜ. ಜಾಗದ ಖ್ಯಾತಿ ಹೆಚ್ಚುವಾಗ ಅದನ್ನು ಹೊರುವ ಶಕ್ತಿ ಆ ಜಾಗಕ್ಕೆ ಇದೆಯೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದಿದ್ದರೆ ಕೊನೆಗೆ ಅದರ ಬೆಲೆ ತೆರುವವರು ಅಲ್ಲಿನ ಜನರೇ.

ಕೊಳ್ಳಗಳ ಲೋಕ

ಪಾಶ್ಚಾತ್ಯ ದೇಶಗಳಲ್ಲಿ ‘ಕ್ಯಾನಿಯನಿಂಗ್’ ಎಂದು ಕರೆಯುವ ಕ್ರೀಡೆ ನದಿ ಕೊರೆದ ಕಂದರಗಳಲ್ಲಿ ನಡೆದು, ಈಜಿ, ಹಗ್ಗದಿಂದ ಇಳಿದು ಸಾಗುವಂಥದು. ಉತ್ತರ ಕರ್ನಾಟಕದ ಜನ ಇಂಥ ಜಾಗಕ್ಕೆ ಕೊಳ್ಳ ಎನ್ನುತ್ತಾರೆ. ಐಹೊಳೆಯ ಬಳಿಯ ಸಿದ್ಧನಕೊಳ್ಳ, ಪಟ್ಟದಕಲ್ಲಿನ ಸಮೀಪದ ಹುಲಿಗೆಮ್ಮನಕೊಳ್ಳ, ಸುರೇಬಾನದ ಬಳಿಯ ಶಬರಿಕೊಳ್ಳ ಪ್ರಸಿದ್ಧವಾದವು. ಬಹುತೇಕ ಕೊಳ್ಳಗಳಲ್ಲಿ ಒಂದು ಗುಡಿ, ಒಂದು ನೀರಿನ ಹೊಂಡ ಇದ್ದೇ ಇರುತ್ತದೆ. ಬರದ ನಾಡಿನಲ್ಲಿ ಬಂಡೆಯ ಸಂದಿಯಿಂದ ಒಸರುವ ನೀರು ದೈವಸಮಾನವಾಗಿ ಕಂಡದ್ದು ಸಹಜ. ಗಜೇಂದ್ರಗಡದ ಕಾಲಕಾಲೇಶ್ವರ ದೇವಾಲಯದ ಅಂತರಗಂಗೆಯೂ ಬೆಟ್ಟದ ಒಡಲಿನಿಂದ ಬರುವ ನೀರೇ.

ಮಲಪ್ರಭೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಬೆಟ್ಟವನ್ನು ಸೀಳಿಕೊಂಡು ಹರಿಯುತ್ತದೆ. ಘಟಪ್ರಭೆ ಗೋಕಾಕದಲ್ಲಿ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕಿ ಕಂದರ ಸೇರುತ್ತದೆ. ಬಾದಾಮಿಯ ಅಕ್ಕ-ತಂಗಿ ಜಲಪಾತಗಳು ಮಳೆ ಸುರಿದ ಹೊತ್ತಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ.

ಕೊಳ್ಳದ ಅಪಾಯ ಬಂಡೆಯ ಅಪಾಯಕ್ಕಿಂತ ಭಿನ್ನವಾದುದು. ಬಂಡೆಯ ಮೇಲೆ ಅಪಾಯ ಕಣ್ಣೆದುರಿಗಿರುತ್ತದೆ. ಕೊಳ್ಳದಲ್ಲಿ ಅದು ಕಾಣದ ದೂರದಿಂದ ಬರುತ್ತದೆ. ತಲೆಯ ಮೇಲೆ ಆಕಾಶ ನಿರ್ಮಲವಾಗಿದ್ದರೂ ಮೇಲಿನ ದಿಬ್ಬದಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕಿರಿದಾದ ಸಂದಿಯನ್ನು ತುಂಬಬಲ್ಲದು. ನೀರಿನ ಬಣ್ಣ ಕದಡುವುದು, ಎಲೆ-ಕಡ್ಡಿಗಳು ತೇಲಿ ಬರುವುದು, ಸದ್ದು ಏಕಾಏಕಿ ಏರುವುದು ಪ್ರವಾಹದ ಮುನ್ಸೂಚನೆಗಳು. ಆ ಕ್ಷಣವೇ ಎತ್ತರಕ್ಕೆ ಸರಿಯಬೇಕು. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿ ಮಳೆಯೇ ಇಲ್ಲದಿದ್ದರೂ ನೀರು ಬಿಡುವ ಸಂಭವವಿರುವುದರಿಂದ ಮುಂಚಿತವಾಗಿ ವಿಚಾರಿಸುವುದು ಅಗತ್ಯ. ಹೊಂಡದ ಆಳ ತಿಳಿಯದೆ ಧುಮುಕುವುದಂತೂ ಸರ್ವಥಾ ಸಲ್ಲದು. ಹೋದ ವರ್ಷ ಆಳವಿದ್ದ ಹೊಂಡದಲ್ಲಿ ಈ ವರ್ಷ ಕಲ್ಲು-ಮರಳು ತುಂಬಿರಬಹುದು.

ಇನ್ನೊಂದು ಅಪಾಯ ಹೆಜ್ಜೇನು. ಕಡಿದಾದ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಹುಟ್ಟು ಕಟ್ಟುವುದು ಸಾಮಾನ್ಯ. ಹೊಗೆ, ಕೂಗಾಟ, ತೀಕ್ಷ್ಣ ಸುಗಂಧ, ಡ್ರೋನಿನ ಸದ್ದು ಅವುಗಳನ್ನು ಕೆರಳಿಸಬಹುದು. ಹಗ್ಗಕ್ಕೆ ತೂಗುಬಿದ್ದವನಿಗೆ ಓಡಲು ದಾರಿಯಿರುವುದಿಲ್ಲ. ಏರುವ ಮುನ್ನ ಬಂಡೆಯನ್ನು ಕೆಳಗಿನಿಂದ ಪೂರ್ತಿಯಾಗಿ ನೋಡಿಕೊಳ್ಳಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಚಿತ್ರಕ್ಕಾಗಿ ತೆತ್ತ ಬೆಲೆ

2023ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ತುಂಬಿ ಹರಿಯುತ್ತಿದ್ದ ನೀರಿನ ಅಂಚಿನ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಜೊತೆಗಾರ ಆ ಹೊತ್ತಿನಲ್ಲಿ ವಿಡಿಯೊ ತೆಗೆಯುತ್ತಿದ್ದುದರಿಂದ ಬೀಳುವ ಕ್ಷಣವೂ ಅದರಲ್ಲಿ ದಾಖಲಾಯಿತು. ಹಲವು ದಿನಗಳ ಶೋಧದ ನಂತರ ಮೃತದೇಹ ಪತ್ತೆಯಾಯಿತು. ಹಾವಸೆ ಕಟ್ಟಿದ ಬಂಡೆ, ತುಂಬು ಪ್ರವಾಹ, ಕ್ಯಾಮೆರಾದ ಕಡೆಗಿರುವ ಗಮನ ಒಟ್ಟುಗೂಡಿದರೆ ಅನುಭವಿಗೂ ಉಳಿವಿಲ್ಲ.

2019ರ ಫೆಬ್ರವರಿಯಲ್ಲಿ ಹಂಪಿಯ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಲ್ಲುಕಂಬವನ್ನು ತಳ್ಳಿ ಬೀಳಿಸುವ ವಿಡಿಯೊ ಎಲ್ಲೆಡೆ ಹರಡಿತು. ಅದೇ ವಿಡಿಯೊ ಸಾಕ್ಷ್ಯವಾಗಿ ಬಂಧನಕ್ಕೆ ಕಾರಣವಾಯಿತು. ನ್ಯಾಯಾಲಯ ಅವರಿಗೆ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿತಲ್ಲದೆ, ಬಿದ್ದ ಕಂಬಗಳನ್ನು ಮತ್ತೆ ನಿಲ್ಲಿಸುವ ಕೆಲಸವನ್ನೂ ಅವರಿಂದಲೇ ಮಾಡಿಸಲಾಯಿತು. ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಬಾದಾಮಿ, ಹಂಪಿಗಳಲ್ಲಿ ಆರೋಹಣದ ಗೋಡೆಗಳು ಸ್ಮಾರಕಗಳ ನೆರೆಯಲ್ಲಿಯೇ ಇರುವುದರಿಂದ ಈ ಕಾಯ್ದೆಯ ಅರಿವು ಆರೋಹಿಗಳಿಗೆ ಅತ್ಯಗತ್ಯ.

2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾಲುಗಟ್ಟಿ ನಿಂತ ಚಾರಣಿಗರ ಚಿತ್ರಗಳು ಹರಡಿದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಅರಣ್ಯ ಚಾರಣಗಳಿಗೆ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಚಿತ್ರ ಜನರನ್ನು ತಂದಿತ್ತು, ಚಿತ್ರವೇ ಬಾಗಿಲನ್ನೂ ಮುಚ್ಚಿಸಿತು.

ರಾಮನಗರದ ರಾಮದೇವರ ಬೆಟ್ಟದ ಕಥೆ ಇನ್ನೂ ಗಂಭೀರವಾದುದು. 1975ರಲ್ಲಿ ತೆರೆಕಂಡ ‘ಶೋಲೆ’ ಆ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಅದೇ ಬಂಡೆಗಳ ಕಡಿದಾದ ಅಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯಿಂದ ದೇಶದಾದ್ಯಂತ ರಣಹದ್ದುಗಳು ನಾಶವಾದವು. 2006ರಲ್ಲಿ ಆ ಔಷಧಿಯ ಪಶುಬಳಕೆ ನಿಷೇಧವಾಯಿತು. ಉಳಿದ ಕೆಲವೇ ಹಕ್ಕಿಗಳ ರಕ್ಷಣೆಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಗೂಡಿನ ಸಮೀಪ ಹಗ್ಗ ಇಳಿಬಿಟ್ಟರೆ ತಾಯಿಹಕ್ಕಿ ಮೊಟ್ಟೆಯನ್ನು ತೊರೆದು ಹಾರಬಹುದು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಅದು ಇಡೀ ವರ್ಷದ ನಷ್ಟ.

ಕಪ್ಪತಗುಡ್ಡದ ಪಾಠ

ಡಂಬಳದ ಜನರಿಗೆ ಈ ವಿಚಾರ ಹತ್ತಿರದ್ದು. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದಲ್ಲಿ ಗಣಿಗಾರಿಕೆಯ ಆತಂಕ ಬಹುಕಾಲದಿಂದ ಇತ್ತು. 2015ರ ಡಿಸೆಂಬರಿನಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂಪಡೆಯಿತು. ಜಿಲ್ಲೆಯಾದ್ಯಂತ ಜನ ಬೀದಿಗಿಳಿದರು. ಡಂಬಳ–ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಹೋರಾಟದ ಮುಂಚೂಣಿಯಲ್ಲಿದ್ದರು. ಗುಡ್ಡದ ಮೇಲಿನ ನಂದಿವೇರಿ ಮಠವೂ ಕೈಜೋಡಿಸಿತು. 2017ರ ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಸ್ಥಾನವನ್ನು ಮರಳಿ ನೀಡಿತು. ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ 244.15 ಚದರ ಕಿಲೋಮೀಟರ್ ಪ್ರದೇಶ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು.

ಜನ ಹೋರಾಡಿ ಉಳಿಸಿಕೊಂಡ ಗುಡ್ಡಕ್ಕೆ ಈಗ ಎದುರಾಗಿರುವುದು ಪ್ರೀತಿಯ ಭಾರ. ಮಳೆಗಾಲದ ಹಸಿರು ಬೇಸಿಗೆಗೆ ಒಣಹುಲ್ಲಾಗುತ್ತದೆ. ಒಂದು ಬೀಡಿಯ ಕಿಡಿ, ಅಡುಗೆಗೆ ಹೂಡಿದ ಮೂರು ಕಲ್ಲಿನ ಒಲೆ ಇಡೀ ಇಳಿಜಾರನ್ನು ಸುಡಬಲ್ಲದು. ತೋಳ, ಕತ್ತೆಕಿರುಬ, ಚಿರತೆಗಳಿರುವ ಈ ಧಾಮದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಅನ್ವಯಿಸುತ್ತದೆ. ಧಾಮದೊಳಗೆ ಪ್ರವಾಸಕ್ಕೂ ಛಾಯಾಚಿತ್ರಣಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೆಂದು ಕಾಯ್ದೆಯೇ ಹೇಳುತ್ತದೆ.

ಉತ್ತಮ ಕಥನದ ಲಕ್ಷಣ

ಪರ್ವತಾರೋಹಣದ ಇತಿಹಾಸದಲ್ಲಿ ಚಿತ್ರಕ್ಕೆ ಸಾಕ್ಷ್ಯದ ಸ್ಥಾನವಿದೆ. 1924ರಲ್ಲಿ ಎವರೆಸ್ಟ್ ಏರುತ್ತಿದ್ದಾಗ ಕಣ್ಮರೆಯಾದ ಮ್ಯಾಲರಿ ಮತ್ತು ಅರ್ವಿನ್ ಶಿಖರ ಮುಟ್ಟಿದ್ದರೇ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. 1999ರಲ್ಲಿ ಮ್ಯಾಲರಿಯ ದೇಹ ದೊರೆತರೂ ಅವರು ಒಯ್ದಿದ್ದ ಕ್ಯಾಮೆರಾ ದೊರೆಯಲಿಲ್ಲ. 1953ರಲ್ಲಿ ತೇನ್‌ಸಿಂಗ್ ಶಿಖರದಲ್ಲಿ ನಿಂತ ಚಿತ್ರವನ್ನು ಹಿಲರಿ ತೆಗೆದರು. ಹಿಲರಿಯ ಶಿಖರಚಿತ್ರವೇ ಇಲ್ಲ. ಆದರೂ ಅವರ ಮಾತನ್ನು ಜಗತ್ತು ನಂಬಿತು. ಕಥನದ ಬೆಲೆ ಹೇಳುವವನ ಪ್ರಾಮಾಣಿಕತೆಯಲ್ಲಿದೆ ಎಂಬುದನ್ನು ಇದು ತೋರಿಸುತ್ತದೆ.

ಬಂಡೆ ಅಥವಾ ಕೊಳ್ಳದ ಪ್ರವಾಸವನ್ನು ಇತರರೊಡನೆ ಹಂಚಿಕೊಳ್ಳುವವರು ಗಮನಿಸಬೇಕಾದ ಮುಖ್ಯ ಅಂಶಗಳು ಹೀಗಿವೆ:

* ದಿನಾಂಕ, ಹೊರಟ ಮತ್ತು ಮರಳಿದ ವೇಳೆ, ಹವಾಮಾನ, ತಂಡದ ಸಂಖ್ಯೆ, ಬಳಸಿದ ಹಗ್ಗದ ಉದ್ದ, ನೀರು ದೊರೆತ ಜಾಗ ದಾಖಲಾಗಿರಲಿ. ಮುಂದೆ ಹೋಗುವವರಿಗೆ ಬೇಕಾಗುವುದು ಇವೇ.

* ಆದ ತಪ್ಪನ್ನು ಮರೆಮಾಚಬಾರದು. ಎಲ್ಲಿ ದಾರಿ ತಪ್ಪಿತು, ಎಲ್ಲಿ ಹಗ್ಗ ಸಾಲದೆ ಹೋಯಿತು, ಯಾರು ಏಕೆ ಹಿಂತಿರುಗಿದರು ಎಂಬ ಬರಹ ನಾಳೆ ಒಂದು ಜೀವ ಉಳಿಸಬಹುದು. ಹಿಂತಿರುಗಿ ಬಂದುದು ಸೋಲಲ್ಲ.

* ಚಿತ್ರದಿಂದ ಹಗ್ಗ, ಹೆಲ್ಮೆಟ್‌ಗಳನ್ನು ಅಳಿಸುವುದು, ಐದು ಅಡಿಯ ಬಂಡೆಯನ್ನು ಪ್ರಪಾತವೆಂಬಂತೆ ತೋರಿಸುವುದು ನೋಡುವವರಿಗೆ ಮಾಡುವ ಮೋಸ. ಎತ್ತರ, ರಕ್ಷಣಾ ವ್ಯವಸ್ಥೆಗಳನ್ನು ಅಡಿಬರಹದಲ್ಲಿ ತಿಳಿಸಬೇಕು.

* ಹಗ್ಗ ಹಿಡಿದು ಸಂಗಾತಿಯನ್ನು ಕಾಯುತ್ತಿರುವವನು ಯಾವ ಕಾರಣಕ್ಕೂ ಕ್ಯಾಮೆರಾ ಹಿಡಿಯಬಾರದು. ಚಿತ್ರ ತೆಗೆಯುವವನು ಬೇರೆಯವನಾಗಿರಬೇಕು. ಅಂಚಿನಲ್ಲಿ ನಿಲ್ಲುವುದಾದರೆ ಅವನಿಗೂ ಪ್ರತ್ಯೇಕ ಹಗ್ಗದ ಆಸರೆ ಬೇಕು.

* ಗೂಡು, ಗುಹೆ, ಪ್ರಾಚೀನ ವರ್ಣಚಿತ್ರ, ಅಪರೂಪದ ಸಸ್ಯಗಳ ಚಿತ್ರ ಹಂಚುವಾಗ ನಿಖರ ಜಾಗವನ್ನು ತಿಳಿಸಬಾರದು. ಮೊಬೈಲ್ ಚಿತ್ರದೊಳಗೆ ಜಾಗದ ಅಕ್ಷಾಂಶ-ರೇಖಾಂಶ ತಾನಾಗಿ ಸೇರಿರುವುದುಂಟು. ಅದನ್ನು ತೆಗೆದು ಕಳಿಸುವುದು ಕ್ಷೇಮ.

* ಕುರಿಗಾಹಿಗಳು, ಗುಡಿಯ ಪೂಜಾರಿಗಳು, ದಾರಿ ತೋರಿದ ಊರವರು ಚಿತ್ರದ ಅಲಂಕಾರಗಳಲ್ಲ. ಕೇಳಿ ಚಿತ್ರ ತೆಗೆಯಬೇಕು. ಕೊಳ್ಳದ ಹಾದಿಯನ್ನು ‘ಕಂಡುಹಿಡಿದೆವು’ ಎನ್ನುವ ಮುನ್ನ ತಲೆಮಾರುಗಳಿಂದ ಅಲ್ಲಿ ಕುರಿ ಮೇಯಿಸಿದವರನ್ನು ನೆನೆಯಬೇಕು.

* ಅಪಘಾತವಾದಲ್ಲಿ ಚಿತ್ರ ಹಂಚುವುದಕ್ಕಿಂತ ಮೊದಲು 112 ಅಥವಾ 108ಕ್ಕೆ ಕರೆ ಮಾಡಬೇಕು. ಮೃತರ, ಗಾಯಾಳುಗಳ ಚಿತ್ರವನ್ನು ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಹರಡುವುದು ಅಮಾನವೀಯ.

ಪ್ರವಾಸಿಗರಿಗೆ ಮಾಹಿತಿ

ಡಂಬಳಕ್ಕೆ ಗದಗ ಮತ್ತು ಮುಂಡರಗಿಗಳಿಂದ ಬಸ್ಸುಗಳಿವೆ. ದೊಡ್ಡಬಸಪ್ಪ ದೇವಾಲಯ ಸಂರಕ್ಷಿತ ಸ್ಮಾರಕವಾಗಿದ್ದು, ಗೋಡೆ ಹತ್ತುವುದು, ಕೆತ್ತನೆಯ ಮೇಲೆ ಒರಗಿ ನಿಲ್ಲುವುದು ನಿಷಿದ್ಧ. ಕಪ್ಪತಗುಡ್ಡಕ್ಕೆ ಹೋಗುವವರು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಹಗಲಿನಲ್ಲಿಯೇ ಮರಳಬೇಕು. ಬಾದಾಮಿ ಗದಗ–ಸೊಲ್ಲಾಪುರ ರೈಲುಮಾರ್ಗದಲ್ಲಿದೆ. ಹಂಪಿಗೆ ಹತ್ತಿರದ ದೊಡ್ಡ ರೈಲು ನಿಲ್ದಾಣ ಹೊಸಪೇಟೆ. ಶಿಲಾರೋಹಣ ಕಲಿಯಬಯಸುವವರು ತರಬೇತಾದ ಮಾರ್ಗದರ್ಶಕರ ಕೈಕೆಳಗೆ, ಸ್ಮಾರಕಗಳಿಂದ ದೂರದ ಗೋಡೆಗಳಲ್ಲಿ ಆರಂಭಿಸುವುದು ಉಚಿತ. ಡ್ರೋನ್ ಹಾರಿಸಲು ಸ್ಮಾರಕಗಳಲ್ಲಿಯೂ ವನ್ಯಜೀವಿ ಧಾಮಗಳಲ್ಲಿಯೂ ಮುಂಚಿತ ಅನುಮತಿ ಕಡ್ಡಾಯ.

ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಡಂಬಳಕ್ಕೆ ಕ್ಯಾಮೆರಾ ಬಂದಾಗ ಒಂದು ಚಿತ್ರ ತೆಗೆಯಲು ಡೇರೆ, ರಾಸಾಯನಿಕ, ಹೊರೆಯಾಳುಗಳು ಬೇಕಾಗುತ್ತಿದ್ದರು. ಆ ಶ್ರಮದ ಕಾರಣದಿಂದಲೇ ಏನನ್ನು, ಎಲ್ಲಿಂದ, ಏಕೆ ತೆಗೆಯಬೇಕೆಂದು ಮೊದಲು ಯೋಚಿಸಬೇಕಾಗಿತ್ತು. ಇಂದು ಶ್ರಮ ಉಳಿದಿಲ್ಲ, ಯೋಚನೆಯ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ. ಪಿಗೌ ಕಂಡ ನಕ್ಷತ್ರಾಕಾರದ ಗೋಡೆ ಈಗಲೂ ಡಂಬಳದಲ್ಲಿ ನಿಂತಿದೆ. ಇಂದು ತೆಗೆದ ಕಪ್ಪತಗುಡ್ಡದ ಚಿತ್ರವನ್ನು ನೂರು ವರ್ಷಗಳ ನಂತರ ಕೈಯಲ್ಲಿ ಹಿಡಿದು ಬಂದವನಿಗೂ ಅದೇ ಗುಡ್ಡ, ಅದೇ ಹಸಿರು ಎದುರಿಗೆ ಕಾಣಬೇಕು.